ಜೊತೆ ನಡೆಯುವ ಕೆಲಸ

ಆಸ್ಪತ್ರೆಯ ಅಂಗಳದ ಒಂದು ತುದಿಗೆ ಕ್ಷಯದ ಕೋಣೆ, ಇನ್ನೊಂದು ತುದಿಗೆ ಎಚ್‌ಐವಿ ಕೋಣೆ. ಎರಡೂ ಕಾಯಿಲೆ ಒಂದೇ ಮೈಗೆ ಬಂದವರನ್ನು ಇಲ್ಲಿಂದ ಅಲ್ಲಿಗೆ ಕರೆದೊಯ್ಯುವುದು ಅವಳ ಕೆಲಸ. ಹೆಸರಿಗೆ ಸಂಯೋಜಕಿ. ಎರಡೂ ಕಡೆ ಬೈಸಿಕೊಳ್ಳುವುದೇ ಸಂಯೋಜನೆ!

"ಕೆಮ್ಮೋರನ್ನ ತಂದು ನನ್ನ ರೋಗಿಗಳ ಪಕ್ಕ ಕೂರಿಸ್ತೀರಲ್ಲ, ಎಲ್ರಿಗೂ ಅಂಟಿಸಬೇಕಾ?" ಎಂದು ಎಚ್‌ಐವಿ ಡಾಕ್ಟರು ಹಾರಾಡುತ್ತಿದ್ದರು. "ಆ ಎಚ್‌ಐವಿ ಮಾತ್ರೆ ಇಲ್ಲಿಟ್ರೆ ಇರೋ ರೋಗಿಗಳೂ ಓಡಿಹೋಗ್ತಾರೆ" ಎಂದು ಕ್ಷಯದ ಡಾಕ್ಟರು. ಇಬ್ಬರ ಮಾತಿನಲ್ಲೂ ಹುರುಳಿದ್ದದ್ದೇ ಅವಳ ಮೈ ಉರಿಸುತ್ತಿತ್ತು. ಆದರೂ ತಾನೇ ಮುಂದೆ ನಿಂತು ರೋಗಿಗಳನ್ನು ಕರೆದೊಯ್ಯುತ್ತೇನೆಂಬ ಜಂಬ ಅವಳಿಗೆ ಬೇಕಾದಷ್ಟಿತ್ತು.

ಹೊಲಿಗೆ ಅಂಗಡಿಯ ಹೆಂಗಸು ಎರಡೂ ಮಾತ್ರೆ ಬಿಟ್ಟು ಮನೆ ಸೇರಿದಾಗ ಆ ಜಂಬ ಇಳಿಯಿತು. ಹುಡುಕಿಕೊಂಡು ಹೋದರೆ ಬಾಗಿಲು ಅರ್ಧವಷ್ಟೇ ತೆರೆಯಿತು. ಒಳಗೆ ಅವಳು ಎಲುಬಿನ ಗೂಡಾಗಿದ್ದಳು.

"ಮಾತ್ರೆ ಬಿಟ್ರೆ ಉಳಿಯಲ್ಲ, ತಂಗೀ."

"ಉಳಿದು ಏನ್ ಮಾಡ್ಲಿ? ನಾನು ನಿಮ್ಮ ಹಿಂದೆ ಆ ಕೋಣೆಗೆ ಹೋಗಿದ್ದನ್ನ ನಾದಿನಿ ನೋಡಿದ್ಲು. ನಿಮ್ಮ ಹಿಂದೆ ಯಾರು ನಡೆದ್ರೂ ಅವರಿಗೆ ಏನಾಗಿದೆ ಅಂತ ಎಲ್ರಿಗೂ ಗೊತ್ತು! ಬಟ್ಟೆ ಕೊಡೋರೇ ಇಲ್ಲ ಈಗ. ತೊಲಗಿ." ಕೆಮ್ಮು ಬಂದು ಮಾತು ನಿಂತಿತು. ಬಾಗಿಲು ಮುಚ್ಚಿತು.

ಸಂಯೋಜಕಿಗೆ ಕಪಾಳಕ್ಕೆ ಬಾರಿಸಿದಂತಾಯಿತು. ಛೇ, ಇಷ್ಟು ದಿನ ಊರಿಗೆಲ್ಲ ಡಂಗುರ ಸಾರಿದ್ದು ತಾನೇ! ನೆಟ್ಟಗೆ ಹೋಗಿ ಇಬ್ಬರು ಡಾಕ್ಟರರನ್ನೂ ಕ್ಷಯದ ಕೋಣೆಯಲ್ಲಿ ಹಿಡಿದು ನಿಲ್ಲಿಸಿದಳು.

"ಇನ್ಮೇಲೆ ರೋಗಿ ಅಲ್ಲಿಗೆ ಹೋಗಲ್ಲ. ಅಲ್ಲಿನ ಮಾತ್ರೆ ಇಲ್ಲಿಗೆ ಬರುತ್ತೆ, ಎರಡೂ ಒಂದೇ ಪೊಟ್ಟಣದಲ್ಲಿ. ನೋಡೋರಿಗೆ ಬರೀ ಕೆಮ್ಮಿನ ಮಾತ್ರೆ."

"ಹಾಗಂತ ನಿಯಮ ಎಲ್ಲಿದೆ?" ಎಂದರು ಕ್ಷಯದ ಡಾಕ್ಟರು.

"ಬೇಡ ಬಿಡಿ. ಮಾತ್ರೆ ಬಿಟ್ಟು ಕೂತಿರೋ ಆ ಹೊಲಿಗೆಯವಳು ಸತ್ರೆ ಯಾರ ಕೋಣೆ ಲೆಕ್ಕಕ್ಕೆ ಹಾಕೋದು, ಅದನ್ನಾದ್ರೂ ಈಗ್ಲೇ ತೀರ್ಮಾನ ಮಾಡಿ."

ಇಬ್ಬರೂ ಮುಖ ಗಂಟಿಕ್ಕಿಕೊಂಡೇ ಒಪ್ಪಿದರು. ಹೊಲಿಗೆಯವಳಿಗೆ ಸುದ್ದಿಯನ್ನು ನರ್ಸ್ ಕೈಯಲ್ಲಿ ಹೇಳಿಕಳಿಸಬೇಕಾಯಿತು, ತಾನು ಹೋಗುವಂತಿರಲಿಲ್ಲ. ಅವಳು ಮಾತ್ರೆಗೆ ಬಂದ ದಿನಗಳಲ್ಲಿ ಸಂಯೋಜಕಿ ಒಳಕೋಣೆಯಲ್ಲಿ ಅವಿತು ಕೂತಳು. ಎಷ್ಟೋ ಜನರ ಕೈ ಹಿಡಿದು ನಡೆಸಿದವಳಿಗೆ ಇದು ಸಾಯುವಷ್ಟು ಅವಮಾನ.

ತಿಂಗಳುಗಳು ಕಳೆದವು. ಒಮ್ಮೆ ಆ ಅಂಗಡಿಯ ಮುಂದೆ ಹಾಯುವಾಗ ಮಷಿನ್ ಸದ್ದು ಕೇಳಿತು. ತಡೆಯಲಾಗದೆ ಕಾಲು ನಿಂತಿತು. ಹೊಲಿಗೆಯವಳು ದಡಬಡನೆ ಹೊರಗೆ ಬಂದಳು.

"ನಾಚಿಕೆ ಆಗಲ್ವಾ? ನನ್ನ ಅನ್ನಕ್ಕೆ ಕಲ್ಲು ಹಾಕಿದ್ದು ಸಾಲ್ದಾ? ಮತ್ತೆ ಬಂದು ಬಾಗಿಲಲ್ಲಿ ನಿಲ್ತೀರಾ? ನಡೀರಿ, ನಡೀರಿ, ಇನ್ನೊಂದ್ಸಲ ಈ ಕಡೆ ತಲೆ ಹಾಕಿದ್ರೆ ನೋಡಿ!"

ಬೀದಿಯ ಜನ ತಿರುಗಿ ನೋಡಿದರು. ಸಂಯೋಜಕಿಗೆ ಸಿಟ್ಟು ನೆತ್ತಿಗೇರಿತು, ಕಣ್ಣೂ ತುಂಬಿತು. ಅಷ್ಟುದ್ದದ ಬೈಗುಳದ ನಡುವೆ ಒಂದೇ ಒಂದು ಕೆಮ್ಮಿರಲಿಲ್ಲ.