ಅರವತ್ತಾರು ಶೀಟು ಮಾತ್ರೆ

ನನ್ನ ಅಕ್ಕ ಚಿಂತಾಮಣಿಯಲ್ಲಿ ಹೈಸ್ಕೂಲಿನ ಗಣಿತದ ಟೀಚರ್. ಎರಡೂವರೆ ವರ್ಷದ ಹಿಂದೆ ಅವಳ ರಕ್ತದಲ್ಲಿ ಕೊಲೆಸ್ಟ್ರಾಲ್ ಬಹಳ ಹೆಚ್ಚಿರುವುದು ಗೊತ್ತಾಯಿತು. ಅಪ್ಪ ಐವತ್ತು ತುಂಬುವ ಮೊದಲೇ ಹೃದಯಾಘಾತದಿಂದ ಹೋಗಿದ್ದರು. ಅದನ್ನು ಕೇಳಿದ ಡಾಕ್ಟರು ದಿನಕ್ಕೊಂದು ಮಾತ್ರೆ ಬರೆದು, ಆರು ತಿಂಗಳಿಗೊಮ್ಮೆ ಟೆಸ್ಟ್ ಮಾಡಿಸಲು ಹೇಳಿದರು.

"ಒಣಗಿದ ನುಗ್ಗೇಕಾಯಿ ಥರ ಇದೀನಿ, ನಂಗೆಲ್ಲಿಂದ ಬಂತೋ ಕೊಬ್ಬು?" ಎಂದು ಅಕ್ಕ ಅಂದು ಮನೆಗೆ ಬರುವ ದಾರಿಯುದ್ದಕ್ಕೂ ನಕ್ಕಳು.

ಶಿಡ್ಲಘಟ್ಟದಲ್ಲಿ ಕೆಲಸ ಮುಗಿಸಿ ಬರುವಾಗ ಅವಳ ಮಾತ್ರೆ ತರುತ್ತಿದ್ದವನು ನಾನೇ, ತಿಂಗಳಿಗೆ ಮೂರು ಶೀಟು. ಟೆಸ್ಟಿಗೆ ಬೈಕಿನಲ್ಲಿ ಕರೆದೊಯ್ಯುತ್ತಿದ್ದವನೂ ನಾನೇ. ನಾಲ್ಕು ಸಲವೂ ಅಂಕಿಗಳು ಸರಿಯಾಗಿದ್ದವು. "ಪಾಸು ಕಣೋ" ಎನ್ನುತ್ತಿದ್ದಳು. ಡಾಕ್ಟರು ಕಾಗದ ನೋಡಿ "ಹೀಗೇ ಮುಂದುವರಿಸಿ" ಎನ್ನುತ್ತಿದ್ದರು, ಅವಳ ಮುಖ ನೋಡುತ್ತಿರಲಿಲ್ಲ. ದಿನಾ ನುಂಗುತ್ತೀಯಾ ಎಂದು ಅವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಹೋದ ಶ್ರಾವಣದಲ್ಲಿ ಶಾಲೆಯ ಮೆಟ್ಟಿಲು ಹತ್ತುವಾಗ ಅವಳಿಗೆ ಎದೆನೋವು ಬಂತು. ಬೆಂಗಳೂರಿನ ಆಸ್ಪತ್ರೆಯಲ್ಲಿ ಎರಡು ರಕ್ತನಾಳಗಳಿಗೆ ಸ್ಟೆಂಟ್ ಹಾಕಿದರು. ಮಾರನೇ ದಿನ ಅವಳ ಆಧಾರ್ ಕಾರ್ಡ್ ತರಲು ನಾನು ಊರಿಗೆ ಬಂದೆ. ಬೀರುವಿನಲ್ಲಿ ಸೀರೆಗಳ ಕೆಳಗೆ ಒಂದು ಬಟ್ಟೆ ಚೀಲವಿತ್ತು. ಅದರ ತುಂಬ ನಾನು ತಂದುಕೊಟ್ಟ ಮಾತ್ರೆಗಳು. ನೆಲದ ಮೇಲೆ ಕೂತು ಎಣಿಸಿದೆ. ಅರವತ್ತಾರು ಶೀಟು, ಒಂದನ್ನೂ ಒಡೆದಿರಲಿಲ್ಲ. ನಾನು ತಂದದ್ದು ಎಪ್ಪತ್ತೆರಡು. ಅಂದರೆ ಎರಡು ವರ್ಷಗಳಲ್ಲಿ ಅವಳು ನುಂಗಿದ್ದು ಅರವತ್ತೇ ಮಾತ್ರೆ.

ಚೀಲ ಹಿಡಿದು ವಾರ್ಡಿಗೆ ಹೋದೆ. ಏನಿದು ಎಂದು ಕೇಳಿದೆ.

"ಟೆಸ್ಟಿಗೆ ಹದಿನೈದು ದಿನ ಮುಂಚೆ ನುಂಗಿದ್ರೆ ಸಾಕು, ರಿಪೋರ್ಟ್ ಚೆನ್ನಾಗ್ ಬರ್ತದೆ. ದಿನಾ ನುಂಗಿದ್ರೆ ಲಿವರ್ ಹೋಗ್ತದಂತೆ. ಸ್ಟಾಫ್ ರೂಮಲ್ಲಿ ಎಲ್ರೂ ಅಂತಾರೆ."

"ಸ್ಟಾಫ್ ರೂಮಿನೋರು ಬಂದು ಸ್ಟೆಂಟ್ ಹಾಕಿದ್ರಾ?"

"ಮೆತ್ತಗೆ ಮಾತಾಡಪ್ಪ. ಡಾಕ್ಟ್ರ ಹತ್ರ ಹೇಳ್ಬೇಡ. ಮಾನ ಹೋಗ್ತದೆ."

ಸಾವಿನ ಬಾಗಿಲಿಂದ ಬಂದವಳಿಗೆ ಮಾನದ ಚಿಂತೆ. ಪರೀಕ್ಷೆಗೆ ಮುಂಚಿನ ಕೊನೇ ವಾರದಲ್ಲಿ ಮಾತ್ರ ಪುಸ್ತಕ ತೆಗೆಯುವ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದವಳು ಇವಳೇ.

ಅಷ್ಟರಲ್ಲಿ ಹೃದಯದ ಡಾಕ್ಟರು ಬಂದರು. ಹಳೆಯ ರಿಪೋರ್ಟುಗಳನ್ನು ತಿರುವಿ, "ಮಾತ್ರೆ ತಗೊಂಡು, ಅಂಕಿ ಸರಿ ಇದ್ದೂ ಹೀಗಾಗಿದೆ ಅಂದ್ರೆ ಇನ್ನೂ ಜೋರಾದ ಔಷಧಿ ಬೇಕಾಗ್ತದೆ" ಎಂದರು. ಅಕ್ಕ ನನ್ನನ್ನೇ ನೋಡಿದಳು. ನಾನು ಚೀಲವನ್ನು ಮಂಚದ ಮೇಲೆ ಸುರಿದು ಎಲ್ಲವನ್ನೂ ಹೇಳಿದೆ.

ಡಾಕ್ಟರು ಬಯ್ಯಲಿಲ್ಲ. "ರಿಪೋರ್ಟ್ ತೋರ್ಸೋದು ಆವತ್ತಿನ ರಕ್ತ ಅಷ್ಟೇ ಅಮ್ಮ. ಉಳಿದ ದಿನಗಳಲ್ಲಿ ಕೊಬ್ಬು ನಾಳದ ಗೋಡೆಗೆ ಅಂಟ್ತಾನೇ ಇತ್ತು. ನೋವಿರಲ್ಲ, ಸುಸ್ತಿರಲ್ಲ. ಸಣ್ಣಗಿರೋರ್ಗೂ ಬರ್ತದೆ, ನಿಮ್ದು ತಂದೆ ಕಡೆಯಿಂದ ಬಂದಿರ್ಬೋದು. ಲಿವರ್ ಭಯ ಇದ್ರೆ ಅದಕ್ಕೂ ಟೆಸ್ಟ್ ಇದೆ. ಕೇಳ್ಬೇಕಿತ್ತು."

ಅಕ್ಕ ಗೋಡೆಯ ಕಡೆ ತಿರುಗಿ ಮಲಗಿದಳು.

ಅಂದಿನಿಂದ ಅವಳು ನನ್ನೊಡನೆ ಮಾತಾಡಿಲ್ಲ. ದಿನವೂ ಸಂಜೆ ಅವಳ ಮನೆಗೆ ಹೋಗಿ, ಮಾತ್ರೆ ಕೊಟ್ಟು, ನುಂಗುವವರೆಗೆ ಎದುರಿಗೇ ನಿಲ್ಲುತ್ತೇನೆ. ಮೊನ್ನೆ ಲೋಟ ಕುಕ್ಕಿ, ಬಾಯಿ ಅಗಲಿಸಿ, ನಾಲಿಗೆ ಎತ್ತಿ ತೋರಿಸಿದಳು. ನನ್ನನ್ನು ನಾಚಿಸಲೆಂದೇ ಮಾಡಿದ್ದು. ನಾನು ಬಗ್ಗಿ ನೋಡಿದೆ.