ಮೂವತ್ತಡಿ ಕೆಳಗಿನ ಹಡಗಿಗೆ ಪೂರ್ತಿ ಟಿಕೆಟ್

ಮನುಷ್ಯ ಎಷ್ಟು ಎತ್ತರಕ್ಕೆ ಏರಿದ ಎನ್ನುವುದಕ್ಕಿಂತ ಎಷ್ಟು ಆಳಕ್ಕೆ ಇಳಿದ ಎನ್ನುವುದರಲ್ಲೇ ಅವನ ಬದುಕಿನ ಸಾರ್ಥಕತೆ ಅಡಗಿದೆ. ಈ ಘನವಾದ ಮಾತನ್ನು ನಾನು ಬಾಳಗಡಿಯ ಹೋಟೆಲೊಂದರಲ್ಲಿ ಬನ್ಸ್ ತಿನ್ನುತ್ತಾ ಆಡಿದಾಗ, ಎದುರು ಕೂತಿದ್ದವರು ಚಟ್ನಿ ಬಟ್ಟಲನ್ನು ಸ್ವಲ್ಪ ಈಚೆ ತಳ್ಳಲು ಹೇಳಿದರು.

ಸಂದರ್ಭ ಇಷ್ಟು. ಕೊಪ್ಪದಿಂದ ಶೃಂಗೇರಿ, ಕೆರೆಕಟ್ಟೆ ಹಾದು ಘಾಟಿ ಇಳಿಯುವ ಬಸ್ಸಿನಲ್ಲಿ ಮೂವತ್ತು ವರ್ಷ ಕಂಡಕ್ಟರಾಗಿದ್ದು ನಿವೃತ್ತನಾದ ನಾನು, ಅರವತ್ತೆರಡನೇ ವಯಸ್ಸಿನಲ್ಲಿ ಅಂಡಮಾನಿಗೆ ಟೂರು ಹೊರಟಿದ್ದೆ. ಅಲ್ಲಿ ಒಂದು ದ್ವೀಪದ ಪಕ್ಕ ಹಳೆಯ ಸರಕಿನ ಹಡಗೊಂದು ಮೂವತ್ತಡಿ ನೀರಿನಲ್ಲಿ ಮುಳುಗಿ ಕೂತಿದೆ, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಹೋಗಿ ನೋಡಬಹುದು ಎಂದು ಟೂರಿನವರು ಕೊಟ್ಟ ಕಾಗದದಲ್ಲಿತ್ತು. ನಾನು ಕೆಲಸ ಮಾಡಿದ ಬಸ್ಸನ್ನು ಗುಜರಿಯವರು ಎರಡೇ ದಿನದಲ್ಲಿ ಕತ್ತರಿಸಿ ಲಾರಿಗೆ ತುಂಬಿದ್ದರು. ಕೆಲಸ ಮುಗಿದ ಮೇಲೂ ಇಡಿಯಾಗಿ ಉಳಿದ ಒಂದು ವಾಹನ ಈ ಲೋಕದಲ್ಲಿದೆಯೆಂದರೆ ಅದರ ಪಕ್ಕಕ್ಕೆ ಹೋಗಿ ಒಮ್ಮೆ ನಿಲ್ಲಬೇಕು ಅನ್ನಿಸಿತು. ಕೇಳಿದವರೆಲ್ಲ ಬೇಡ ಎಂದದ್ದರಿಂದ ಆ ಅನ್ನಿಸಿಕೆ ಗಟ್ಟಿಯಾಯಿತು.

"ಮುಳುಗಿದ್ದು ನೋಡಕ್ಕೆ ಅಷ್ಟು ದೂರ ಎಂತಕ್ಕೆ?" ಎಂದಳು ಹೆಂಡತಿ. "ನರಸಿಂಹರಾಜಪುರಕ್ಕೆ ಹೋಗಿ. ಭದ್ರಾ ಹಿನ್ನೀರಲ್ಲಿ ಊರಿಗೂರೇ ಮುಳುಗಿದೆ. ಸಂಜೆ ಊಟಕ್ಕೆ ಮನೆಗೂ ಬರ್ಬೋದು."

ಅರವತ್ತು ದಾಟಿದವರು ವೈದ್ಯರ ಸಹಿ ತರಬೇಕಿತ್ತು. ಕೊಪ್ಪದ ಡಾಕ್ಟರು ನನ್ನ ಎದೆಗೆ ಕೊಳವೆ ಇಟ್ಟು, ಕಿವಿಯೊಳಗೆ ಟಾರ್ಚ್ ಬಿಟ್ಟು ಬಹಳ ಹೊತ್ತು ನೋಡಿದರು. "ಎದೆ ಸರಿಯಿದೆ, ಕಿವಿ ಸರಿಯಿದೆ. ತಲೆ ನಂದಲ್ಲ, ಅದಕ್ಕೆ ಬೇರೆ ಡಾಕ್ಟ್ರಿದ್ದಾರೆ," ಎಂದು ಸಹಿ ಹಾಕಿದರು.

ಟೂರಿಗೆ ನನ್ನ ಜೊತೆ ಹೊರಟವರು ಇಪ್ಪತ್ತು ವರ್ಷ ನಮ್ಮ ಬಸ್ಸಿನ ಡ್ರೈವರಾಗಿದ್ದ ನರಸಿಂಹರಾಜಪುರದ ಸಾಬರು. ಘಾಟಿಯ ಅಷ್ಟೂ ತಿರುವುಗಳಲ್ಲಿ ಬಾಯಿ ತುಂಬ ಎಲೆಯಡಿಕೆ ಜಗಿಯುತ್ತಾ ನೆಮ್ಮದಿಯಿಂದ ಬಸ್ಸು ಇಳಿಸುತ್ತಿದ್ದ ಆ ಮಹಾನುಭಾವರು, ಹಡಗಿನ ಜಾಗಕ್ಕೆ ನಮ್ಮನ್ನು ಒಯ್ದ ದೋಣಿಯಲ್ಲಿ ಬಕೆಟ್ಟು ಅಪ್ಪಿಕೊಂಡು ಕೂತಿದ್ದರು. ವಾಂತಿ ಮಾಡುವ ಪ್ರಯಾಣಿಕರಿಗೆಂದು ಸದಾ ಜೇಬಿನಲ್ಲಿ ನಿಂಬೆಹಣ್ಣು ಇಟ್ಟುಕೊಳ್ಳುವುದು ನನ್ನ ಹಳೆಯ ಅಭ್ಯಾಸ. ತೆಗೆದು ಕೊಟ್ಟೆ.

"ಯಾರಿಗೂ ಹೇಳ್ಬೇಡಿ ಕಂಡಕ್ಟ್ರೆ," ಎಂದರು.

"ಛೇ, ಛೇ. ಊರಿಗೆ ಹೋದ ಮೇಲೆ ಮಾತ್ರ."

ನಮ್ಮನ್ನು ನೀರಿಗಿಳಿಸುವ ತರಬೇತುದಾರಳು ಕರಾವಳಿಯವಳು, ಸುಮಾರು ಮೂವತ್ತು ವರ್ಷದವಳು, ನಮ್ಮ ಮಾತು ಬಲ್ಲವಳು. ಆಕೆ ನನ್ನ ಕಾಗದ ಓದಿ, ನನ್ನನ್ನು ನೋಡಿ, ಮತ್ತೆ ಕಾಗದ ನೋಡಿದಳು.

"ಅಂಕಲ್, ನಿಮ್ಮ ಪ್ರಾಯದವ್ರನ್ನ ಹತ್ತಡಿ ತನಕ ಮಾತ್ರ ಕರ್ಕೊಂಡು ಹೋಗುದು. ನೀರು ತಿಳಿಯಾಗಿ ಉಂಟು, ಹಡಗು ಮೇಲಿಂದ್ಲೇ ಕಾಣ್ತದೆ."

"ಹಡಗಿಗೆ ಅಂತ ಟಿಕೆಟ್ ಕೊಟ್ಟು ಹತ್ತಡಿಗೆ ಇಳಿಸ್ತೀಯೇನಮ್ಮ? ಮೂವತ್ತು ವರ್ಷದಲ್ಲಿ ಒಬ್ಬ ಪ್ಯಾಸೆಂಜರನ್ನೂ ನಾನು ಅರ್ಧ ದಾರೀಲಿ ಇಳಿಸಿದವನಲ್ಲ."

"ಒಬ್ಬನ್ನ ಇಳಿಸಿದ್ರಿ," ಎಂದಿತು ಬಕೆಟ್ಟಿನ ಕಡೆಯ ಧ್ವನಿ. "ಮೆಣಸೆ ಹತ್ರ. ಕುಡ್ದು ಹಾಡು ಹೇಳ್ತಿದ್ದ."

"ಅವನ ಮನೆ ಅಲ್ಲೇ ಇತ್ತು ಮಾರಾಯ್ರೆ. ನೀವು ನಿಂಬೆಹಣ್ಣು ಚೀಪಿ."

ತೊಂದರೆಯೆಲ್ಲ ಕಿವಿಯದು ಎಂದು ಆಕೆ ವಿವರಿಸಿದಳು. ಇಳಿದಂತೆಲ್ಲ ನೀರು ಕಿವಿಯನ್ನು ಒತ್ತುತ್ತದೆ; ಮೂಗು ಹಿಡಿದು ಮೆಲ್ಲಗೆ ಗಾಳಿ ಊದಿ ಅದನ್ನು ಬಿಡಿಸಿಕೊಳ್ಳುತ್ತಾ ಹೋಗಬೇಕು. ನನಗೆ ನಗು ಬಂತು. ಘಾಟಿ ಇಳಿಯುವಾಗ ಕಿವಿ ಕಟ್ಟಿ ಅಳುವ ಮಕ್ಕಳಿಗೆ ಪೆಪ್ಪರಮಿಂಟು ಕೊಟ್ಟು, ಉಗುಳು ನುಂಗಲು ಹೇಳಿಕೊಟ್ಟವನು ನಾನು. ನನ್ನ ಕಿವಿಗಳ ಸೇವಾನುಭವವನ್ನು ಗಂಭೀರವಾಗಿ ನಿವೇದಿಸಿದೆ.

ಆಕೆ ಮನಸ್ಸಿನಲ್ಲೇ ಏನೋ ಗುಣಿಸಿದಳು. "ನಿಮ್ಮ ಇಡೀ ಘಾಟಿ ನೀರಲ್ಲಿ ಎರಡಡಿಗೆ ಸಮ ಅಂಕಲ್."

ನನ್ನ ಸೇವೆಯನ್ನು ಅಲ್ಲಿಯವರೆಗೆ ಯಾರೂ ಇಷ್ಟು ಗಿಡ್ಡ ಮಾಡಿರಲಿಲ್ಲ. ಆದರೂ ನಾನು ಅಲ್ಲಾಡದೆ ನಿಂತೆ. ಕೊನೆಗೆ ಆಕೆಯೇ ಒಂದು ಮೆಟ್ಟಿಲು ಇಳಿದಳು: ಹತ್ತಡಿಯಲ್ಲಿ ನಿಲ್ಲಿಸಿ ನೋಡುವುದು, ಎರಡೂ ಕಿವಿ ಬಿಟ್ಟರೆ ಹಡಗಿಗೆ, ಇಲ್ಲದಿದ್ದರೆ ದೋಣಿಗೆ. "ಮತ್ತೆ ಚರ್ಚೆ ಇಲ್ಲ," ಎಂದಳು.

ನೀರು ಸ್ನಾನಕ್ಕೆ ಹದ ಮಾಡಿಟ್ಟಂತೆ ಬೆಚ್ಚಗಿತ್ತು. ಸಾಬರನ್ನು ಬಕೆಟ್ಟಿನ ಜೊತೆ ಬಿಟ್ಟು, ದೋಣಿಯಿಂದ ಕೆಳಕ್ಕೆ ಹೋದ ಹಗ್ಗವನ್ನು ಹಿಡಿದು ಆಕೆಯೂ ನಾನೂ ಇಳಿದೆವು. ಮೂಗು ಹಿಡಿಯುವುದು ನನ್ನಂಥ ಅನುಭವಸ್ಥನಿಗೆ ಅವಮಾನವೆಂದು ಬಗೆದು ಉಗುಳು ನುಂಗುತ್ತಾ ಹೋದೆ. ಆದರೆ ಸಿಲಿಂಡರಿನ ಗಾಳಿ ಮಹಾ ಒಣಗಾಳಿ. ಮೂರನೇ ಸಲಕ್ಕೆ ನುಂಗಲು ಬಾಯಲ್ಲಿ ಉಗುಳೇ ಇರಲಿಲ್ಲ. ಹತ್ತಡಿಯ ಹೊತ್ತಿಗೆ ಎಡಗಿವಿಯೊಳಗೆ ಯಾರೋ ಗೋಣಿ ಹೊಲಿಯುವ ದಬ್ಬಣ ಆಡಿಸುತ್ತಿದ್ದರು. ನನ್ನ ಮುಖ ನೋಡಿಯೇ ಆಕೆ ಹೆಬ್ಬೆರಳು ಎತ್ತಿದಳು. ನೀರಿನಡಿ ಅದು ಶಭಾಷ್‌ಗಿರಿ ಅಲ್ಲ, ಮೇಲಕ್ಕೆ ಹೊರಡು ಎಂಬ ಅಪ್ಪಣೆ.

ನಾನು ಒಲ್ಲೆನೆಂದು ತಲೆಯಾಡಿಸಿದೆ. ಆಕೆ ಮತ್ತೊಮ್ಮೆ ಹೆಬ್ಬೆರಳು ಎತ್ತಿದಳು. ಕಂಡಕ್ಟರನಾದವನಿಗೆ ಬಾಯಿಗೆ ರಬ್ಬರು ತುರುಕಿ ವಾದಕ್ಕೆ ನಿಲ್ಲಿಸುವುದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಅಂಗೈಯನ್ನು ಅಡ್ಡ ಹಿಡಿದು, ಒಂದೇ ಒಂದು ಮೊಳ ಮೇಲೆ ಹೋಗೋಣ, ಅಷ್ಟೇ ಸಾಕು ಎಂದು ಬೇಡಿಕೊಂಡೆ. ಹೋದೆವು. ನೋವು ಇಳಿಯಿತು. ಘಾಟಿಯಲ್ಲಿ ಎಷ್ಟು ಮಕ್ಕಳು ಅತ್ತರೂ ಬಸ್ಸನ್ನು ಹಿಂದಕ್ಕೆ ಹತ್ತಿಸುವಂತಿರಲಿಲ್ಲ. ಇಲ್ಲಿ ಆ ಸೌಕರ್ಯವಿತ್ತು. ಅನುಭವವನ್ನು ಬದಿಗಿಟ್ಟು ಆಕೆ ಹೇಳಿಕೊಟ್ಟಂತೆಯೇ ಮೂಗು ಹಿಡಿದು ಮೆಲ್ಲಗೆ ಊದಿದೆ. ಬಲಗಿವಿ ಬಿಟ್ಟಿತು. ಎಡಗಿವಿ ಬಿಡಲಿಲ್ಲ. ಇನ್ನೊಂದು ಮೊಳ ಮೇಲೆ ಹೋದೆವು. ಮತ್ತೆ ಊದಿದೆ. ಆಕೆ ಕೈಗೆ ಕಟ್ಟಿದ್ದ ಯಂತ್ರವನ್ನು ನೋಡಿಕೊಂಡಳು. ಸಮಯ ಮುಗಿಯುತ್ತಿತ್ತು. ಮೂರನೇ ಸಲ ಊದಿದಾಗ ಎಡಗಿವಿಯಲ್ಲಿ 'ಪಟ್' ಎಂದಿತು.

ಆಗ ನನ್ನ ಕೈ ನನ್ನನ್ನು ಕೇಳದೆ ಮುಂದೆ ಚಾಚಿ, ಆಕೆಯ ಬೆನ್ನಿನ ಸಿಲಿಂಡರಿಗೆ ಬೆರಳ ಗೆಣ್ಣಿನಿಂದ ಎರಡು ಸಲ ಬಡಿಯಿತು. ಬಸ್ಸಿನ ಮೈಗೆ ಒಂದು ಪೆಟ್ಟು ಹಾಕಿದರೆ ನಿಲ್ಲಿಸು, ಎರಡು ಹಾಕಿದರೆ ಹೊರಡು. ಕರಾವಳಿಯ ಬಸ್ಸುಗಳಲ್ಲಿ ನೇತಾಡಿಕೊಂಡೇ ಕಾಲೇಜು ಮುಗಿಸಿದವಳಿರಬೇಕು. ಕನ್ನಡಕದ ಗಾಜಿನ ಹಿಂದೆ ಆಕೆಯ ಕಣ್ಣು ನಕ್ಕಿತು. ಕಿವಿ ಮುಟ್ಟಿ ತೋರಿಸಿ, ಸರಿಯಿದೆಯಾ ಎಂದು ಬೆರಳುಗಳನ್ನು ಉಂಗುರ ಮಾಡಿ ಕೇಳಿದಳು. ನಾನೂ ಉಂಗುರ ಮಾಡಿದೆ. ಆಕೆ ಹೆಬ್ಬೆರಳನ್ನು ಕೆಳಕ್ಕೆ ತಿರುಗಿಸಿದಳು.

ಹಡಗು ಒಂದು ಮಗ್ಗುಲಿಗೆ ವಾಲಿ, ಯಾರಿಗೂ ಕಾಯದವರಂತೆ ಕೂತಿತ್ತು. ಕಂಬಿಗಳ ಮೇಲೆಲ್ಲ ಹವಳ ಹತ್ತಿತ್ತು. ಬಾಗಿಲಲ್ಲಿ ಹಳದಿ ಪಟ್ಟೆಯ ಮೀನುಗಳು ಇಕ್ಕಟ್ಟಾಗಿ ನಿಂತಿದ್ದವು. ಒಳಗೆ ನೋಡಿದರೆ ಪೂರಾ ಖಾಲಿ. ಒಳಗೆ ಹೋಗಿ, ಒಳಗೆ ಹೋಗಿ ಎಂದು ಗದರಲು ಬಾಯಿ ತುಡಿಯಿತು. ಏನನ್ನೂ ಮುಟ್ಟಬಾರದೆಂದು ಆಕೆ ಕಟ್ಟುನಿಟ್ಟು ಮಾಡಿದ್ದರಿಂದ ಎದೆಯ ಮೇಲೆ ಕೈ ಕಟ್ಟಿಕೊಂಡು ಅದರ ಪಕ್ಕ ತೇಲುತ್ತಾ ನಿಂತೆ. ಇದನ್ನು ಯಾರೂ ಕತ್ತರಿಸಿರಲಿಲ್ಲ. ಓಡುವುದು ನಿಂತ ಮೇಲೂ ಇದರೊಳಗೆ ಹತ್ತುವವರು ಹತ್ತುತ್ತಿದ್ದರು, ಇಳಿಯುವವರು ಇಳಿಯುತ್ತಿದ್ದರು. ಸಾಕು ಎಂದು ಆಕೆ ಸನ್ನೆ ಮಾಡಿದಾಗ ಎರಡು ಸಲ ಕಾಣದವನಂತೆ ನಟಿಸಿದೆ, ಮೂರನೆಯ ಸಲಕ್ಕೆ ಹೊರಟೆ.

ಆಕೆಯ ಯಂತ್ರ ತೋರಿಸಿದ ಆಳ ಮೂವತ್ತೊಂದು ಅಡಿ, ಕೆಳಗಿದ್ದದ್ದು ಇಪ್ಪತ್ತೆರಡು ನಿಮಿಷ.