ಹೊಂಗೆ ಎಣ್ಣೆಗೆ ಓಡಿದ ಎಂಜಿನ್

ಅಪ್ಪ ತೀರಿಕೊಂಡ ಮೇಲೆ ಶಿಡ್ಲಘಟ್ಟದ ನಮ್ಮ ರೇಷ್ಮೆ ನೂಲು ತೆಗೆಯುವ ಘಟಕದ ಬೀಗದ ಕೈ ಚಿಕ್ಕಪ್ಪನ ಜೇಬು ಸೇರಿತು. ದುಡಿಯುವುದೆಲ್ಲ ಅಮ್ಮಿ, ಬೀಗ ತೆಗೆಯುವ ದೊಡ್ಡಸ್ತಿಕೆ ಮಾತ್ರ ಅವರದು. ಅದು ತೊಂಬತ್ತರ ದಶಕದ ಒಂದು ಚಳಿಗಾಲ. ಕರೆಂಟು ಯಾವಾಗ ಬೇಕಾದರೂ ಹೋಗುತ್ತಿತ್ತು, ಬಂಕಿನಲ್ಲಿ ಡೀಸೆಲ್ ಸರಿಯಾಗಿ ಸಿಗುತ್ತಿರಲಿಲ್ಲ.

"ಈ ಸಲದ ಗೂಡು ಮುಗಿಯೋವರ್ಗೂ ರಾಟೆ ನಿಲ್ಬಾರ್ದು ಭಾಬಿ. ನಿಂತ್ರೆ ನಾಳೆಯಿಂದ ಘಟಕಾನ ಬಾಡಿಗೆಗೆ ಕೊಟ್ಬಿಡ್ತೀನಿ" ಎಂದು ಚಿಕ್ಕಪ್ಪ ಬೆಳಿಗ್ಗೆಯೇ ಅಮ್ಮಿಗೆ ಹೇಳಿ, ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತರು. ನನಗೆ ಮೈಯೆಲ್ಲ ಉರಿಯಿತು.

ಅಮ್ಮಿ ಅಂಬಾಜಿದುರ್ಗದ ಕಡೆಯ ಗಾಣದಿಂದ ತರಿಸಿದ ಹೊಂಗೆ ಎಣ್ಣೆಯನ್ನು ಹಳೆಯ ದುಪಟ್ಟಾದಲ್ಲಿ ಸೋಸಿ, ಅಷ್ಟೇ ಡೀಸೆಲ್ ಬೆರೆಸಿದಳು. ಕರೆಂಟಿಲ್ಲದಾಗ ರಾಟೆ ತಿರುಗಿಸುವ ಎಂಜಿನ್ನನ್ನು ಬರೀ ಡೀಸೆಲ್‌ನಲ್ಲಿ ಶುರು ಮಾಡಿ, ಬಿಸಿಯಾದ ಮೇಲೆ ಬೆರಕೆಗೆ ತಿರುಗಿಸುವುದು ಅವಳ ಕ್ರಮ. ನಿಲ್ಲಿಸುವ ಮುಂಚೆ ಮತ್ತೆ ಡೀಸೆಲ್ ಹರಿಸಿ ಪೈಪು ತೊಳೆಯಲೇಬೇಕು. ಹೊಗೆ ದಟ್ಟವಾಗಿತ್ತು, ಎಂಜಿನ್ನಿನ ಎಳೆತ ಸ್ವಲ್ಪ ಕಮ್ಮಿ, ಕಹಿ ವಾಸನೆ ಬೀದಿಯವರೆಗೂ ಹೋಗುತ್ತಿತ್ತು. ರಾಟೆಗಳು ಮಾತ್ರ ತಿರುಗುತ್ತಿದ್ದವು.

ಮಧ್ಯಾಹ್ನ ಅಮ್ಮಿ ನಮಾಜಿಗೆ ಒಳಗೆ ಹೋದಾಗ ಕರೆಂಟು ಬಂತು. ಚಿಕ್ಕಪ್ಪ ಎದ್ದು ರಾಟೆಗಳನ್ನು ಮೋಟಾರಿಗೆ ಹಾಕಿಸಿದರು. "ಕರೆಂಟ್ ಬಂತಲ್ಲ, ಇನ್ಯಾಕೆ ಈ ಗಬ್ಬುವಾಸ್ನೆ?" ಎನ್ನುತ್ತ ಎಂಜಿನ್ ನಿಲ್ಲಿಸಿಯೇಬಿಟ್ಟರು. ನಾನು ಬೇಡ ಅನ್ನುವಷ್ಟರಲ್ಲಿ ಸದ್ದಡಗಿತ್ತು. ಬೆರಕೆ ಎಣ್ಣೆ ಪೈಪಿನಲ್ಲೇ ಉಳಿಯಿತು.

ಸಂಜೆ ಹೊತ್ತಿಗೆ ಕರೆಂಟು ಕೈಕೊಟ್ಟಿತು. ರಾಟೆಗಳು ನಿಂತವು. ಬೇಸಿನ್ನುಗಳ ಕುದಿನೀರಿನಲ್ಲಿ ಕೊನೆಯ ಗೂಡುಗಳು ತೇಲುತ್ತಿದ್ದವು. ಅವು ಹೆಚ್ಚು ಬೆಂದರೆ ನೂಲಿನ ಎಳೆ ಸಿಗುವುದಿಲ್ಲ. ಚಿಕ್ಕಪ್ಪ ಹ್ಯಾಂಡಲ್ ಹಿಡಿದು ತಿರುಗಿಸಿದರು, ಬೆವರಿದರು, ಎಂಜಿನ್ನು ಜಪ್ಪಯ್ಯ ಅಂದರೂ ಶುರುವಾಗಲಿಲ್ಲ. ಚಳಿಗೆ ಎಣ್ಣೆ ಪೈಪಿನೊಳಗೆ ಮಂದವಾಗಿ ಕೂತಿತ್ತು.

"ನೋಡಿ, ನಿಂತೇ ಹೋಯ್ತು. ನಾನೇನ್ ಮಾಡ್ಲಿ ಭಾಬಿ?" ಎಂದರು. ಬಾಯಿಗೆ ಬಂದದ್ದನ್ನೆಲ್ಲ ಅಂದುಬಿಡೋಣ ಅನಿಸಿತು ನನಗೆ.

ಅಮ್ಮಿ ಅಷ್ಟರಲ್ಲಿ ಬೇಸಿನ್ನಿಗೆ ಚೊಂಬು ಅದ್ದಿದ್ದಳು. ಆ ಕುದಿನೀರನ್ನು ಎಣ್ಣೆ ಪೈಪಿನ ಮೇಲೆ, ಫಿಲ್ಟರಿನ ಮೇಲೆ ಸುರಿದಳು, ಮತ್ತೆ ಸುರಿದಳು. ಪೈಪನ್ನು ಮುಟ್ಟಿ ನೋಡಿ, ನಲ್ಲಿಯನ್ನು ಡೀಸೆಲ್ ಕಡೆಗೆ ತಿರುಗಿಸಿದಳು. "ಈಗ ತಿರುಗ್ಸಿ" ಎಂದಳು ಚಿಕ್ಕಪ್ಪನಿಗೆ.

ಅವರು ತಿರುಗಿಸಿದರು. ಎಂಜಿನ್ನು ಕೆಮ್ಮಿತು. ಇನ್ನೊಂದು ಸಲ ಕೆಮ್ಮಿ, ಕರೀ ಹೊಗೆ ಕಾರಿ, ಓಡತೊಡಗಿತು. ಅಮ್ಮಿ ಆಗಲೇ ಬೇಸಿನ್ನಿನ ಮುಂದೆ ಕೂತು ತುಂಡಾದ ಎಳೆಗಳನ್ನು ಹುಡುಕುತ್ತಿದ್ದಳು. ಸಿಕ್ಕವು.

ಗೂಡೆಲ್ಲ ಮುಗಿದ ಮೇಲೆ ಚಿಕ್ಕಪ್ಪ ಎಂಜಿನ್ನಿನ ಹತ್ತಿರ ನಿಂತು, "ಆಫ್ ಮಾಡ್ಲಾ ಭಾಬಿ?" ಎಂದು ಕೇಳಿದರು. ಕೇಳಿದ್ದು ಅದೇ ಮೊದಲು.

"ಇರಿ, ಪೈಪ್ ತೊಳೀಲಿ" ಎಂದಳು ಅಮ್ಮಿ. ಕೊನೆಯ ಡೀಸೆಲ್ ಹರಿದು, ಹೊಗೆ ತಿಳಿಯಾಗುವವರೆಗೂ ಕಾದು ತಾನೇ ನಿಲ್ಲಿಸಿದಳು. ಆಮೇಲೆ ದಿನವಿಡೀ ಬಿಸಿನೀರಲ್ಲಿ ಬೆಂದು ಬೆಳ್ಳಗಾಗಿದ್ದ ಕೈಯನ್ನು ಅವರ ಮುಂದೆ ಚಾಚಿದಳು.

"ಬೀಗದ್ ಕೈ ಕೊಡಿ."

ಚಿಕ್ಕಪ್ಪ ನನ್ನ ಕಡೆ ನೋಡಿದರು, ಎಂಜಿನ್ನಿನ ಕಡೆ ನೋಡಿದರು, ಜೇಬಿಗೆ ಕೈ ಹಾಕಿದರು.